ಕೆನಡ ದೇಶದ ಮೇಪಲ್ ಪಾಕವೂ ಪ್ಲಾಸ್ಟಿಕ್ ನೋಟೂ

ಕಳೆದ ವರ್ಷ ಅರ್ಥಶಾಸ್ತ್ರದ ತರಗತಿಯಲ್ಲಿ ಹಣದ ಲಕ್ಷಣಗಳನ್ನು ಕುರಿತ ಪಾಠ ನಡೆದಿತ್ತು. ನಮ್ಮ ಅಧ್ಯಾಪಕರು ಪುಸ್ತಕದೊಳಗಿಂದ ಹಸುರು ಬಣ್ಣದ ನೋಟೊಂದನ್ನು ಹೊರತೆಗೆದು ಮೊದಲ ಬೆಂಚಿನವರ ಕೈಗೆ ಕೊಟ್ಟರು. ಅದು ಕೆನಡ ದೇಶದ 20 ಡಾಲರಿನ ನೋಟು. ಅಲ್ಲಿ ನೆಲಸಿರುವ ಅವರ ಬಂಧುಗಳೊಬ್ಬರು ಊರಿಗೆ ಬಂದಾಗ ಕೊಟ್ಟುಹೋದದ್ದು. ಕಾಗದದ್ದಲ್ಲ, ಪ್ಲಾಸ್ಟಿಕ್ಕಿನದು. ಒಂದು ಬದಿಯಲ್ಲಿ ಗಾಜಿನ ಕಿಟಕಿಯಂತೆ ಆಚೆಗಿನದೆಲ್ಲ ಕಾಣುತ್ತಿತ್ತು. ಕೈಯಿಂದ ಕೈಗೆ ಸಾಗಿ ಅದು ಹಿಂದಿನ ಬೆಂಚಿಗೆ ಬಂದಾಗ ಮಿತ್ರನೊಬ್ಬನು ಮೂಗಿನ ಬಳಿ ಹಿಡಿದು, "ಸಾರ್, ಬೆಲ್ಲದ ವಾಸನೆ ಬರುತ್ತದೆ" ಎಂದನು. ತರಗತಿಯೆಲ್ಲ ನಕ್ಕಿತು. ಅಧ್ಯಾಪಕರು ಮಾತ್ರ ನಗಲಿಲ್ಲ. "ಕೆನಡದ ಜನರೂ ಇದೇ ಮಾತನ್ನು ಹೇಳಿದ್ದಾರೆ" ಎಂದರು.

ಅದು ನಿಜವೆಂದು ಆಮೇಲೆ ಓದಿ ತಿಳಿದೆನು. ಈ ನೋಟುಗಳು ಚಲಾವಣೆಗೆ ಬಂದ ಮೇಲೆ, ಇವುಗಳಲ್ಲಿ ಮೇಪಲ್ ಪಾಕದ ಪರಿಮಳವನ್ನು ಗುಟ್ಟಾಗಿ ಸೇರಿಸಲಾಗಿದೆಯೇ ಎಂದು ಕೇಳಿ ಆ ದೇಶದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಕೆನಡಕ್ಕೆ ಅನೇಕರು ಬರೆದರಂತೆ. ಯಾವ ಪರಿಮಳವನ್ನೂ ಸೇರಿಸಿಲ್ಲವೆಂದು ಬ್ಯಾಂಕು ಉತ್ತರ ಕೊಡಬೇಕಾಯಿತು. ಜನರು ತಮ್ಮ ಹಣದಲ್ಲಿ ತಮ್ಮ ಊರಿನ ಪಾಕದ ವಾಸನೆಯನ್ನು ಹುಡುಕಿದ್ದು ನನಗೆ ವಿಚಿತ್ರವಾಗಿ ತೋರಲಿಲ್ಲ. ನಮ್ಮ ತಂದೆಯವರು ಆಲೆಮನೆಯಲ್ಲಿ ಪಾಕದ ಹದ ನೋಡುವವರು. ಅವರು ಮನೆಗೆ ತರುವ ನೋಟಿಗೆ ಬೆಲ್ಲದ ವಾಸನೆ ಇದ್ದೇ ಇರುತ್ತದೆ. ಈ ಲೇಖನದಲ್ಲಿ ಪಾಕವನ್ನೂ ನೋಟನ್ನೂ ಒಟ್ಟಿಗೆ ವಿಚಾರಿಸುವುದಕ್ಕೆ ಅಷ್ಟೇ ಕಾರಣವಲ್ಲ; ಬೇರೊಂದು ಕಾರಣವೂ ಉಂಟು. ಅದನ್ನು ಹೇಳುವ ಮುನ್ನ ಪಾಠದ ಮಾತನ್ನು ಸ್ವಲ್ಪ ನೆನೆಯೋಣ.

ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನು 1875ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹಣವಾಗತಕ್ಕ ವಸ್ತುವಿಗೆ ಏಳು ಗುಣಗಳಿರಬೇಕೆಂದು ಹೇಳಿದ್ದಾನೆ. ಅದಕ್ಕೆ ಸ್ವತಃ ಬೆಲೆಯಿರಬೇಕು, ಹೊತ್ತೊಯ್ಯಲು ಸುಲಭವಾಗಿರಬೇಕು, ಕೆಡಬಾರದು, ಎಲ್ಲ ಭಾಗಗಳೂ ಏಕರೂಪವಾಗಿರಬೇಕು, ವಿಭಾಗಿಸಲು ಬರಬೇಕು, ಅದರ ಬೆಲೆ ಸ್ಥಿರವಾಗಿರಬೇಕು. ಕಡೆಯದಾಗಿ, ನೋಡಿದೊಡನೆ ಗುರುತು ಹಿಡಿಯುವಂತಿರಬೇಕು. ಪರೀಕ್ಷೆಯಲ್ಲಿ ನಾವೆಲ್ಲರೂ ಮೊದಲಿನ ಆರನ್ನು ವಿಸ್ತರಿಸಿ ಬರೆದು ಏಳನೆಯದಕ್ಕೆ ಒಂದು ಸಾಲು ಕೊಟ್ಟು ಮುಗಿಸುತ್ತೇವೆ. ನಾನೂ ಹಾಗೆಯೇ ಮಾಡಿದ್ದೆನು. ಆದರೆ ಕೈಗೆ ಬಂದದ್ದು ಸಾಚಾ ಹೌದೋ ಅಲ್ಲವೋ ಎಂದು ಅದನ್ನು ಪಡೆದವನಿಗೆ ತಿಳಿಯದೆ ಹೋದರೆ ಮಿಕ್ಕ ಆರು ಗುಣಗಳಿಂದ ಅವನಿಗೇನು ಪ್ರಯೋಜನ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ನಾನು ಪ್ರಥಮ ವರ್ಷದಲ್ಲಿದ್ದಾಗ ತಂದೆಯವರು ಸಂತೆಯಲ್ಲಿ ಬೆಲ್ಲ ಮಾರಿ ತಂದ ಹಣವನ್ನು ಕಟ್ಟಲು ಬ್ಯಾಂಕಿಗೆ ಹೋಗಿದ್ದೆನು. ಗುಮಾಸ್ತರು 500 ರೂಪಾಯಿಯ ಎರಡು ನೋಟುಗಳನ್ನು ಬೇರೆ ಇಟ್ಟು, ಖೋಟಾ ಎಂದು ಮುದ್ರೆ ಹೊಡೆದು, ಒಂದು ರಸೀತಿ ಕೊಟ್ಟರು. ನಿಯಮ ಹಾಗೆಯೇ ಇದೆ. ಖೋಟಾ ನೋಟನ್ನು ಹಿಂದಕ್ಕೆ ಕೊಡುವಂತಿಲ್ಲ, ಅದರ ಬದಲು ಹಣವನ್ನೂ ಕೊಡುವುದಿಲ್ಲ. ಅವರದು ತಪ್ಪಲ್ಲ. ಮನೆಗೆ ಬಂದು ಹೇಳಿದಾಗ ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, "ಅದರಲ್ಲಿ ಏನು ತಪ್ಪು ಬರೆದಿತ್ತು?" ಎಂದು ಕೇಳಿದರು. ಅವರಿಗೆ ಓದುಬರಹ ಬಾರದು. ಬರೆದದ್ದೆಲ್ಲ ಸರಿಯಾಗಿಯೇ ಇತ್ತು ಎಂದು ನಾನು ಹೇಳಿದೆನು. ಓದು ಬಲ್ಲ ನನ್ನ ಕೈಯಿಂದಲೇ ಆ ನೋಟುಗಳು ಬ್ಯಾಂಕಿಗೆ ಹೋದುವೆಂಬುದನ್ನು ಇಬ್ಬರೂ ಆಡಲಿಲ್ಲ.

ಇನ್ನು ಕೆನಡದ ಪಾಕದ ವಿಷಯ. ಶರ್ಕರ ಮೇಪಲ್ ಎಂಬ ಮರವು ಆ ದೇಶದ ಪೂರ್ವಭಾಗದಲ್ಲಿ, ವಿಶೇಷವಾಗಿ ಕ್ವೆಬೆಕ್ ಪ್ರಾಂತದಲ್ಲಿ, ಹೇರಳವಾಗಿ ಬೆಳೆಯುತ್ತದೆ. ಚಳಿಗಾಲ ಮುಗಿಯುವ ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಮಂಜು ಕರಗುವಷ್ಟು ಬಿಸಿಲು ಇರುವ ಕೆಲವು ವಾರಗಳಲ್ಲಿ ಮಾತ್ರ ಮರದ ಕಾಂಡಕ್ಕೆ ಸಣ್ಣ ರಂಧ್ರ ಕೊರೆದರೆ ರಸ ತೊಟ್ಟಿಕ್ಕುತ್ತದೆ. ಯೂರೋಪಿನವರು ಅಲ್ಲಿಗೆ ಬರುವುದಕ್ಕೆ ಬಹು ಹಿಂದೆಯೇ ಅಲ್ಲಿಯ ಮೂಲನಿವಾಸಿಗಳು ಇದನ್ನು ಬಲ್ಲವರಾಗಿದ್ದರು. ರಸವು ನೋಡಲು ನೀರಿನಂತೆಯೇ ಇದ್ದು ಅದರಲ್ಲಿ ನೂರಕ್ಕೆ ಸುಮಾರು 2 ಭಾಗ ಮಾತ್ರ ಸಕ್ಕರೆಯಿರುತ್ತದೆ. ನಮ್ಮ ಕಬ್ಬಿನ ಹಾಲಿನಲ್ಲಿ 15ಕ್ಕೂ ಮಿಕ್ಕಿ ಇರುವುದನ್ನು ನೆನೆದರೆ ಆ ಜನರ ತಾಳ್ಮೆ ತಿಳಿಯುತ್ತದೆ. ಸುಮಾರು 40 ಲೀಟರು ರಸವನ್ನು ಕುದಿಸಿದರೆ ಒಂದು ಲೀಟರು ಪಾಕ.

ಆ ಪಾಕವನ್ನು ಕೆಡದಂತೆ ಇಡುವುದು ಹೇಗೆಂಬುದರಲ್ಲಿಯೇ ಸ್ವಾರಸ್ಯವೆಲ್ಲ ಅಡಗಿದೆ. ನೀರು ಕುದಿಯುವ ಶಾಖಕ್ಕಿಂತ ಸುಮಾರು 4 ಡಿಗ್ರಿ ಹೆಚ್ಚು, ಎಂದರೆ 104 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದಾಗ ಪಾಕದಲ್ಲಿ ಸಕ್ಕರೆ ನೂರಕ್ಕೆ 66 ಭಾಗವಾಗುತ್ತದೆ. ಅದಕ್ಕಿಂತ ತೆಳುವಾಗಿ ಇಳಿಸಿದರೆ ಹುಳಿಯುತ್ತದೆ. ಬಹಳ ಗಟ್ಟಿಯಾದರೆ ಪಾತ್ರೆಯ ತಳದಲ್ಲಿ ಕಲ್ಲುಸಕ್ಕರೆಯಂತೆ ಹರಳುಗಟ್ಟುತ್ತದೆ. ಈ ಹದವನ್ನು ಈಗ ಉಪಕರಣಗಳಿಂದ ಅಳೆಯುತ್ತಾರೆ. ಹಿಂದಿನವರು ಸೌಟಿನ ಅಂಚಿನಿಂದ ಪಾಕವು ಹನಿಯಾಗಿ ಬೀಳದೆ ಹಾಳೆಯಂತೆ ಜೋತುಬಿದ್ದಾಗ ಇಳಿಸುತ್ತಿದ್ದರು. ಇದನ್ನು ಓದಿ ಹೇಳಿದಾಗ ತಂದೆಯವರು ತಲೆದೂಗಿದರು. ಬೆಲ್ಲಕ್ಕೆ ಇನ್ನೂ ಹೆಚ್ಚು ಕಾವು ಬೇಕು, ಅವರು ನೀರಿಗೆ ಹನಿ ಹಾಕಿ ಬೆರಳಲ್ಲಿ ಉರುಟಿ ನೋಡುತ್ತಾರೆ. ವಿದ್ಯೆ ಮಾತ್ರ ಒಂದೇ.

ಹದವಾದ ಪಾಕವನ್ನು ಸೋಸಿ, ಸುಮಾರು 85 ಡಿಗ್ರಿ ಬಿಸಿಯಿರುವಾಗಲೇ ಡಬ್ಬಿಗೋ ಸೀಸೆಗೋ ತುಂಬಿ ಬಾಯಿ ಬಿಗಿದರೆ ಅದು ಬಹುಕಾಲ ಕೆಡುವುದಿಲ್ಲ. ಬಾಯಿ ತೆರೆದ ಮೇಲೆ ಕಥೆಯೇ ಬೇರೆ. ಇಷ್ಟು ಸಕ್ಕರೆಯಿರುವ ವಸ್ತು ಕೆಡಲಾರದೆಂದು ತಿಳಿದು ಬೀರುವಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಮೇಲೆ ಬೂಷ್ಟು ಕಟ್ಟುತ್ತದೆ. ಆದುದರಿಂದ ತೆರೆದ ಸೀಸೆಯನ್ನು ತಂಪುಪೆಟ್ಟಿಗೆಯಲ್ಲಿ ಇಡತಕ್ಕದ್ದು. ಮಂಜುಗಟ್ಟಿಸುವ ಪೆಟ್ಟಿಗೆಯಲ್ಲಿಟ್ಟರೆ ಇನ್ನೂ ಮೇಲು. ಸಕ್ಕರೆ ಹೆಚ್ಚಾಗಿರುವುದರಿಂದ ಅದು ಅಲ್ಲಿಯೂ ಕಲ್ಲಾಗದೆ ಮಂದವಾಗಿ ಉಳಿಯುತ್ತದೆ. ಪ್ಲಾಸ್ಟಿಕ್ ಜಾಡಿ ಗಾಜಿನಷ್ಟು ಒಳ್ಳೆಯದಲ್ಲ. ಅದರ ಗೋಡೆಯ ಮೂಲಕ ಗಾಳಿಯ ಆಮ್ಲಜನಕ ಮೆಲ್ಲಗೆ ಒಳಗೆ ಹೋಗಿ ಪಾಕದ ಬಣ್ಣವೂ ರುಚಿಯೂ ಮಾರ್ಪಡುತ್ತವೆ. ತಗಡಿನ ಡಬ್ಬಿ, ಗಾಜಿನ ಸೀಸೆ ಇಲ್ಲದ ಕಾಲದಲ್ಲಿ ಅಲ್ಲಿಯ ಜನರು ಈ ತೊಡಕನ್ನೆಲ್ಲ ಬಿಟ್ಟು, ಪಾಕವನ್ನು ಇನ್ನೂ ಕಾಯಿಸಿ ಸಕ್ಕರೆಯಾಗಿಯೇ ಮಾಡಿ ಬರ್ಚ್ ಮರದ ತೊಗಟೆಯ ಪೆಟ್ಟಿಗೆಗಳಲ್ಲಿ ತುಂಬಿಡುತ್ತಿದ್ದರು. ನಾವು ಕಬ್ಬಿನ ಹಾಲನ್ನು ಬೆಲ್ಲದ ಅಚ್ಚಾಗಿ ಇಡುವಂತೆಯೇ.

ಮನೆಯ ಮಟ್ಟಿಗೆ ಇಷ್ಟು ಸಾಕು. ದೇಶದ ಮಟ್ಟದಲ್ಲಿ ಕ್ವೆಬೆಕ್ಕಿನವರು ಮಾಡಿರುವ ಏರ್ಪಾಡು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಜಗತ್ತಿನ ಮೇಪಲ್ ಪಾಕದಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಆ ಒಂದು ಪ್ರಾಂತದಿಂದ ಬರುತ್ತದೆ. ಬೆಳೆಯೋ ಹವೆಯನ್ನು ನಂಬಿದ್ದು. ಒಂದು ವಾರ ಬಿಸಿಲು ಮೊದಲೇ ಬಂದರೆ ವರ್ಷದ ದುಡಿಮೆ ಅರ್ಧವಾಗುತ್ತದೆ. ಬೆಳೆ ಹೆಚ್ಚಾದ ವರ್ಷ ಬೆಲೆ ಕುಸಿಯುತ್ತದೆ. ಇದನ್ನು ತಡೆಯುವುದಕ್ಕಾಗಿ ಅಲ್ಲಿಯ ಉತ್ಪಾದಕರ ಒಕ್ಕೂಟವು 2000ದಲ್ಲಿ ಪಾಕದ ಮೀಸಲು ಭಂಡಾರವೊಂದನ್ನು ಸ್ಥಾಪಿಸಿತು. ಹೆಚ್ಚಾದುದನ್ನು ಪರೀಕ್ಷಿಸಿ, ಕಾಯಿಸಿ, ದೊಡ್ಡ ಪೀಪಾಯಿಗಳಲ್ಲಿ ತುಂಬಿ ಮೊಹರು ಮಾಡಿ ಉಗ್ರಾಣದಲ್ಲಿಡುತ್ತಾರೆ. ಕೊರತೆಯ ವರ್ಷದಲ್ಲಿ ಹೊರತೆಗೆಯುತ್ತಾರೆ. 2021ರಲ್ಲಿ ಬೆಳೆ ಕಡಮೆಯಾಗಿ ಬೇಡಿಕೆ ಏರಿದಾಗ ಸುಮಾರು 5 ಕೋಟಿ ಪೌಂಡು ಪಾಕವನ್ನು ಹೀಗೆ ಹೊರತೆಗೆಯಬೇಕಾಯಿತು. ಇಲ್ಲಿ ಒಂದು ಸೂಕ್ಷ್ಮವುಂಟು. ಭಂಡಾರಕ್ಕೆ ಹೋದ ಪಾಕವು ಮಾರಾಟವಾದ ಮೇಲೆಯೇ ರೈತನಿಗೆ ಅದರ ಪೂರ್ಣ ಹಣ ಸಿಕ್ಕುವುದು. ಅಲ್ಲಿಯವರೆಗೆ ಆ ಪೀಪಾಯಿಯೇ ಅವನ ಪಾಲಿನ ನೋಟು. ಉಗ್ರಾಣವೇ ಅವನ ಬ್ಯಾಂಕು.

ಆ ಬ್ಯಾಂಕಿನಲ್ಲಿಯೂ ಖೋಟಾ ನಡೆಯಿತು. ಭಂಡಾರದ ಸ್ವಂತ ಉಗ್ರಾಣಗಳಲ್ಲಿ ಸ್ಥಳ ಸಾಲದೆ ಸೇಂಟ್ ಲೂಯಿ ದ ಬ್ಲಾನ್‌ಫೋರ್ಡ್ ಎಂಬ ಸಣ್ಣ ಊರಿನಲ್ಲಿ ಬಾಡಿಗೆಯ ಕಟ್ಟಡವೊಂದರಲ್ಲಿ ಸಾವಿರಾರು ಪೀಪಾಯಿಗಳನ್ನು ಇಟ್ಟಿದ್ದರು. 2011 ಮತ್ತು 2012ರ ನಡುವೆ ಕಳ್ಳರು ಅಲ್ಲಿಂದ ಪೀಪಾಯಿಗಳನ್ನು ಸಾಗಿಸಿ, ಪಾಕವನ್ನು ಬಸಿದು, ನೀರು ತುಂಬಿ ಮತ್ತೆ ತಂದು ಜೋಡಿಸಿದರು. ಬರಬರುತ್ತ ಧೈರ್ಯ ಹೆಚ್ಚಿ, ನೀರು ತುಂಬುವ ಕಷ್ಟವನ್ನೂ ಬಿಟ್ಟು, ಬರಿಯ ಪೀಪಾಯಿಗಳನ್ನೇ ಸಾಲಾಗಿ ನಿಲ್ಲಿಸಿದರು. ಹೊರಗಿನಿಂದ ಎಲ್ಲವೂ ಸರಿಯಾಗಿತ್ತು. ಪೀಪಾಯಿ ಇತ್ತು, ಗುರುತಿನ ಚೀಟಿ ಇತ್ತು, ಲೆಕ್ಕದ ಪುಸ್ತಕವೂ ಇತ್ತು. 2012ರ ಬೇಸಗೆಯಲ್ಲಿ ವಾರ್ಷಿಕ ತನಿಖೆಗೆ ಬಂದವರೊಬ್ಬರು ಎಣಿಸುವುದಕ್ಕಾಗಿ ರಾಶಿಯ ಮೇಲೆ ಹತ್ತಿದಾಗ ಕಾಲ ಕೆಳಗಿನ ಪೀಪಾಯಿ ಅಲುಗಾಡಿತು. ತುಂಬಿದ ಪೀಪಾಯಿ ಇನ್ನೂರು ಕಿಲೋಗ್ರಾಮಿಗೂ ಮಿಕ್ಕ ಭಾರ; ಅದು ಒಬ್ಬನ ಕಾಲಿಗೆ ಅಲುಗಾಡತಕ್ಕದ್ದಲ್ಲ. ತೆರೆದು ನೋಡುತ್ತ ಹೋದಂತೆ 9,500ಕ್ಕೂ ಹೆಚ್ಚು ಪೀಪಾಯಿಗಳ ಪಾಕ, ಸುಮಾರು 3,000 ಟನ್ನು, 1 ಕೋಟಿ 80 ಲಕ್ಷ ಡಾಲರಿಗೂ ಮೀರಿದ ಬೆಲೆಯದು, ಹೋಗಿತ್ತು. ಮುಖ್ಯ ಅಪರಾಧಿಗೆ 2017ರಲ್ಲಿ ಎಂಟು ವರ್ಷಗಳ ಸೆರೆಯಾಯಿತು. ಅವನು ತೆರಬೇಕಾದ 90 ಲಕ್ಷ ಡಾಲರಿಗೂ ಮೀರಿದ ದಂಡವನ್ನು 2022ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು.

ನಾನು ಈ ವೃತ್ತಾಂತವನ್ನು ಓದುತ್ತಿದ್ದಾಗ ನಗು ಬರುವ ಬದಲು ನಮ್ಮ ಎರಡು ನೋಟುಗಳ ನೆನಪಾಯಿತು. ಮೇಲೆ ಬರೆದದ್ದೆಲ್ಲ ಸರಿಯಾಗಿದ್ದು ಒಳಗೆ ಬರಿದು ಎಂಬುದು ಎರಡಕ್ಕೂ ಸಮಾನ. ಪೀಪಾಯಿಗೆ ಕಿಟಕಿ ಇರಲಿಲ್ಲ. ವರ್ಷಕ್ಕೊಮ್ಮೆ ಬರುವ ಒಬ್ಬ ತನಿಖೆದಾರನ ಹೊರತು ಅದನ್ನು ಮುಟ್ಟಿ ನೋಡುವವರೂ ಇರಲಿಲ್ಲ.

ಅದೇ ದೇಶವು ಅದೇ ವರ್ಷಗಳಲ್ಲಿ ತನ್ನ ನೋಟುಗಳಿಗೆ ಕಿಟಕಿ ಇಡುತ್ತಿತ್ತು. 21ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೆನಡದಲ್ಲಿ ಖೋಟಾ ನೋಟುಗಳ ಹಾವಳಿ ವಿಪರೀತವಾಗಿತ್ತು. 100 ಡಾಲರಿನ ನೋಟನ್ನು ತೆಗೆದುಕೊಳ್ಳುವುದಿಲ್ಲವೆಂದು ಅಂಗಡಿಗಳ ಬಾಗಿಲಿಗೆ ಫಲಕ ಹಾಕಿದ್ದುಂಟು. 2004ರಲ್ಲಿ ಚಲಾವಣೆಯಲ್ಲಿದ್ದ ಪ್ರತಿ 10 ಲಕ್ಷ ನೋಟುಗಳಿಗೆ 470 ಖೋಟಾ ನೋಟುಗಳು ಸಿಕ್ಕುತ್ತಿದ್ದುವು. ಬ್ಯಾಂಕು ಹೊಳೆಯುವ ಪಟ್ಟಿಯುಳ್ಳ ಹೊಸ ಕಾಗದದ ನೋಟುಗಳನ್ನು ತಂದಿತು; ಪೊಲೀಸರಿಗೂ ಅಂಗಡಿಯವರಿಗೂ ನೋಟು ಪರೀಕ್ಷಿಸುವುದನ್ನು ಕಲಿಸಿತು. ಹಾವಳಿ ಇಳಿಯತೊಡಗಿತು. ಪ್ಲಾಸ್ಟಿಕ್ ನೋಟು ಬಂದುದರಿಂದಲೇ ಖೋಟಾ ನಿಂತಿತು ಎಂದು ಹಲವರು ಬರೆಯುತ್ತಾರೆ. ಅದು ಅವಸರದ ಮಾತು. ಇಳಿಮುಖವು ಅದಕ್ಕೆ ಮೊದಲೇ ಪ್ರಾರಂಭವಾಗಿತ್ತು. ಇಳಿದದ್ದು ಮತ್ತೆ ಏರದಿರಲೆಂದು 2011ರ ನವೆಂಬರಿನಲ್ಲಿ 100 ಡಾಲರಿನ, 2012ರಲ್ಲಿ 50 ಮತ್ತು 20ರ, 2013ರಲ್ಲಿ 10 ಮತ್ತು 5ರ ಪ್ಲಾಸ್ಟಿಕ್ ನೋಟುಗಳು ಬಂದುವು.

ಈ ವಿದ್ಯೆ ಮೂಲತಃ ಆಸ್ಟ್ರೇಲಿಯದ್ದು. ಅಲ್ಲಿ 1966ರ ಫೆಬ್ರವರಿಯಲ್ಲಿ ಡಾಲರು ಜಾರಿಗೆ ಬಂದ ವರ್ಷದ ಕೊನೆಗೇ 10 ಡಾಲರಿನ ಖೋಟಾ ನೋಟುಗಳು ಕಾಣಿಸಿಕೊಂಡುವು. ರಿಸರ್ವ್ ಬ್ಯಾಂಕಿನ ಗವರ್ನರ್ ಕೂಂಬ್ಸ್ ಅವರು 1968ರಲ್ಲಿ ವಿಜ್ಞಾನಿಗಳನ್ನು ಕರೆದು ಉಪಾಯ ಕೇಳಿದರು. ಅವರ ಇಪ್ಪತ್ತು ವರ್ಷದ ಶ್ರಮದ ಫಲವಾಗಿ 1988ರಲ್ಲಿ ಮೊದಲ ಪ್ಲಾಸ್ಟಿಕ್ ನೋಟು ಹೊರಬಂತು. 1996ರ ಹೊತ್ತಿಗೆ ಆ ದೇಶದ ನೋಟುಗಳೆಲ್ಲ ಪ್ಲಾಸ್ಟಿಕ್ ಆದುವು. ಕೆನಡವು ತನ್ನ ನೋಟಿನ ಹಾಳೆಯನ್ನು ಆಸ್ಟ್ರೇಲಿಯದಿಂದಲೇ ತರಿಸಿಕೊಂಡಿತು.

ಈ ನೋಟಿನ ಕಿಟಕಿಯನ್ನು ಆಮೇಲೆ ಕತ್ತರಿಸಿ ಕೂಡಿಸಿದ್ದೆಂದು ನಾನು ಮೊದಲು ತಿಳಿದಿದ್ದೆನು. ಹಾಗಲ್ಲ. ಪಾಲಿಪ್ರೊಪಿಲೀನ್ ಎಂಬ ವಸ್ತುವನ್ನು ಉದ್ದಕ್ಕೂ ಅಗಲಕ್ಕೂ ಎಳೆದು ಮಾಡಿದ ಹಾಳೆ ಪೂರ್ತಿಯಾಗಿ ಗಾಜಿನಂತೆಯೇ ಇರುತ್ತದೆ. ಅದರ ಎರಡು ಮುಖಗಳಿಗೂ ಬಿಳಿಯ ಬಣ್ಣದ ಲೇಪಗಳನ್ನು ಕೊಟ್ಟು ಮುಚ್ಚುತ್ತಾರೆ. ಕಿಟಕಿ ಬೇಕಾದ ಕಡೆ ಲೇಪವಿಲ್ಲದೆ ಬಿಡುತ್ತಾರೆ. ಕಾಗದದ ಮೇಲೆ ಎಷ್ಟು ಚೆನ್ನಾಗಿ ಅಚ್ಚು ಹಾಕಿದರೂ ಈ ಕಿಟಕಿ ಬರಲಾರದು. 2013ರಲ್ಲಿ ಬ್ರಿಟಿಷ್ ಕೊಲಂಬಿಯ ಪ್ರಾಂತದಲ್ಲಿ ಈ ನೋಟುಗಳ ಅನುಕರಣೆಯೂ ಸಿಕ್ಕಿತು. ಕಳ್ಳರು ಪ್ರಯತ್ನ ಬಿಟ್ಟಿಲ್ಲ. ಆದರೆ ಅಂಥ ನೋಟನ್ನು ಮುಟ್ಟಿ ನೋಡುವವನಿಗೆ ಅದು ಅಂಟಿಸಿದ್ದೆಂದು ತಿಳಿಯುತ್ತದೆ.

ಅಧ್ಯಾಪಕರು ದಯಮಾಡಿ ಆ 20 ಡಾಲರಿನ ನೋಟನ್ನು ನನಗೆ ಒಂದು ರಾತ್ರಿಯ ಮಟ್ಟಿಗೆ ಎರವಲು ಕೊಟ್ಟರು. ಅದನ್ನು ಬೆಳಕಿನಲ್ಲಿ ಹಿಡಿದು ಕಂಡದ್ದನ್ನು ಇಲ್ಲಿ ಬರೆಯುತ್ತೇನೆ. ದೊಡ್ಡ ಕಿಟಕಿಯೊಳಗೆ ಲೋಹದ ಹೊಳಪಿನ ಎರಡು ಚಿತ್ರಗಳಿವೆ: ಒಂದು, 2022ರಲ್ಲಿ ತೀರಿಕೊಂಡ ಎಲಿಜಬೆತ್ ರಾಣಿಯ ಮುಖ, ಇನ್ನೊಂದು, ಒಟ್ಟಾವ ನಗರದ ಪಾರ್ಲಿಮೆಂಟಿನ ಗೋಪುರ. ನೋಟನ್ನು ಓರೆ ಮಾಡಿದರೆ ಗೋಪುರದ ಬಣ್ಣ ಬದಲಾಗುತ್ತದೆ. ಕಿಟಕಿಯೊಳಗಿನ ಸಣ್ಣ ಮುಖವೂ ನೋಟಿನ ಮೇಲಿನ ದೊಡ್ಡ ಮುಖವೂ ಒಂದೇ ಆಗಿರಬೇಕು. 20 ಎಂಬ ಸಣ್ಣ ಅಂಕಿಗಳಲ್ಲಿ ಕೆಲವು ತಿರುಗುಮುರುಗಾಗಿವೆ. ಅವನ್ನು ಹಿಂಬದಿಯಿಂದ ಓದಿದರೆ ಸರಿಯಾಗುತ್ತವೆ. ಕಿಟಕಿಯ ಅಂಚಿನ ಮೇಪಲ್ ಎಲೆಗಳಲ್ಲಿ ಕೆಲವು ಅರ್ಧ ಒಳಕ್ಕೆ ಅರ್ಧ ಹೊರಕ್ಕೆ ಚಾಚಿಕೊಂಡಿವೆ. ಕಿಟಕಿಯನ್ನು ಬೇರೆ ತಂದು ಅಂಟಿಸಿದರೆ ಎಲೆ ಮುರಿಯುತ್ತದೆ. ರಾಣಿಯ ಭುಜಗಳ ಮೇಲೆ, ದೊಡ್ಡ ಅಂಕಿಯ ಮೇಲೆ, ಬ್ಯಾಂಕಿನ ಹೆಸರಿನ ಮೇಲೆ ಮಸಿ ಉಬ್ಬಿದೆ. ಕಿಟಕಿಯಲ್ಲಿರುವ ಕೆನಡ ಎಂಬ ಪಾರದರ್ಶಕ ಅಕ್ಷರಗಳೂ ಬೆರಳಿಗೆ ಉಬ್ಬಾಗಿ ತಾಗುತ್ತವೆ. ಮೂಲೆಯಲ್ಲಿ ಕುರುಡರಿಗಾಗಿ ಉಬ್ಬಿದ ಚುಕ್ಕೆಗಳ ಗುಂಪುಗಳುಂಟು: 5ಕ್ಕೆ ಒಂದು, 10ಕ್ಕೆ ಎರಡು, 20ಕ್ಕೆ ಮೂರು. ಬೇರೊಂದು ಕಡೆ ಮಂಜು ಕವಿದಂಥ ಸಣ್ಣ ಮೇಪಲ್ ಎಲೆಯ ಕಿಟಕಿಯಿದೆ. ಅದನ್ನು ಕಣ್ಣಿನ ಹತ್ತಿರ ಹಿಡಿದು ದೂರದ ಒಂಟಿ ದೀಪವನ್ನು ನೋಡಿದರೆ ದೀಪದ ಸುತ್ತ 20 ಎಂಬ ಅಂಕಿಗಳ ವರ್ತುಲವೊಂದು ಮೂಡುತ್ತದೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಓದು ಬೇಕಿಲ್ಲ, ಯಂತ್ರವೂ ಬೇಕಿಲ್ಲ. ಜೆವನ್ಸನ ಏಳನೆಯ ಗುಣವೆಂದರೆ ಇದೇ ಎಂದು ನನಗೆ ಆಗ ಹೊಳೆಯಿತು. ದೋಷಗಳಿಲ್ಲವೆಂದಲ್ಲ. ಹೊಸ ನೋಟುಗಳು ಒಂದಕ್ಕೊಂದು ಅಂಟಿಕೊಂಡು ಎಣಿಸುವಾಗ ಮೋಸಮಾಡುತ್ತವೆ. ಮಡಿಸಿದರೆ ಮಡಿಕೆ ನಿಲ್ಲದೆ ಬಿಚ್ಚಿಕೊಳ್ಳುತ್ತವೆ. ಬಹಳ ಬಿಸಿಯಾದ ಇಸ್ತ್ರಿಪೆಟ್ಟಿಗೆ ತಾಗಿದರೆ ಮುದುಡಿಹೋಗುತ್ತವೆ. ಆದರೆ ಕಾಗದದ ನೋಟಿನ ಎರಡೂವರೆ ಪಟ್ಟಾದರೂ ಬಾಳುತ್ತವೆಂದು ಬ್ಯಾಂಕಿನ ಲೆಕ್ಕ. ಪಾಕದ ಕೈಯಿಂದ ಮುಟ್ಟಿದರೆ ಒರಸಿದರಾಯಿತು.

ನಮ್ಮ ದೇಶದಲ್ಲಿಯೂ ಈ ಮಾತು ಬಂದಿತ್ತು. 10 ರೂಪಾಯಿಯ 100 ಕೋಟಿ ಪ್ಲಾಸ್ಟಿಕ್ ನೋಟುಗಳನ್ನು ಐದು ನಗರಗಳಲ್ಲಿ ಪ್ರಯೋಗಿಸುವುದಾಗಿ ಸರ್ಕಾರವು 2014ರಲ್ಲಿ ಲೋಕಸಭೆಗೆ ತಿಳಿಸಿತು. ಕೊಚ್ಚಿ, ಜಯಪುರ, ಶಿಮ್ಲಾ, ಭುವನೇಶ್ವರಗಳೊಡನೆ ನಮ್ಮ ಮೈಸೂರೂ ಆ ಪಟ್ಟಿಯಲ್ಲಿತ್ತು. ನೋಟು ಅಚ್ಚಾಗುವ ಊರಿಗೆ ಅದು ತಕ್ಕ ಗೌರವವೇ. ಆದರೆ ಆ ನೋಟು ನಮ್ಮ ಕೈಗೆ ಬರಲಿಲ್ಲ. ನಮ್ಮದು ಈಗಲೂ ಹತ್ತಿಯ ಕಾಗದ. ಅದರಲ್ಲಿಯೂ ಬೆರಳಿಗೆ ತಿಳಿಯುವ ಗುರುತುಗಳಿವೆ ಎಂಬುದನ್ನು ಈ ಅಭ್ಯಾಸದ ನೆಪದಲ್ಲಿ ನಾನು ಕಲಿತೆನು. 500 ರೂಪಾಯಿಯ ನೋಟಿನ ಎರಡು ಅಂಚುಗಳಲ್ಲಿ ಓರೆಯಾದ ಐದೈದು ಉಬ್ಬುಗೆರೆಗಳಿವೆ, 100ರದಕ್ಕೆ ನಾಲ್ಕು. 500ರದರಲ್ಲಿ ಉಬ್ಬಿದ ವರ್ತುಲ, 100ರದರಲ್ಲಿ ತ್ರಿಕೋನ. ಗಾಂಧೀಜಿಯವರ ಚಿತ್ರವೂ ಉಬ್ಬಚ್ಚಿನದು. ಓರೆ ಮಾಡಿದರೆ ನೋಟಿನೊಳಗಿನ ದಾರವು ಹಸುರಿನಿಂದ ನೀಲಿಗೆ ತಿರುಗುತ್ತದೆ. ಮೂರು ವರ್ಷಗಳ ಹಿಂದೆ ಇದು ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ತಂದೆಯವರ ಕೈಗೆ ಕೆನಡದ ನೋಟನ್ನು ಕೊಟ್ಟೆನು. ಅವರು ಹೆಬ್ಬೆರಳಿನಿಂದ ರಾಣಿಯ ಭುಜವನ್ನು ಎರಡು ಬಾರಿ ಸವರಿದರು. ಮಂಜಿನ ಎಲೆಯನ್ನು ಕಣ್ಣಿಗೆ ಹಿಡಿದು ಬೀದಿದೀಪವನ್ನು ನೋಡಿ, ಬಳೆಯಂತೆ ಕಾಣುತ್ತದೆ ಎಂದರು. ನಮ್ಮ 500ರ ನೋಟನ್ನೂ ಕೇಳಿ ಪಡೆದು ಅಂಚಿನ ಗೆರೆಗಳನ್ನು ಉಗುರಿನಿಂದ ಎಣಿಸಿದರು, ಐದು ಬಂತು. ಆಮೇಲೆ, ಇದು ಯಾವ ಮರದ ಎಲೆ ಎಂದು ವಿಚಾರಿಸಿದರು. ಪಾಕ ಕೊಡುವ ಮರದ್ದು ಎಂದೆನು. ಆದರೆ ಅದರಲ್ಲಿಯೂ ಒಂದು ತಕರಾರು ಉಂಟೆಂದು ಹೇಳಬೇಕಾಯಿತು: 2013ರಲ್ಲಿ ಅಲ್ಲಿಯ ಸಸ್ಯಶಾಸ್ತ್ರಜ್ಞರು ಈ ಎಲೆಯನ್ನು ನೋಡಿ, ಇದು ನಮ್ಮ ಶರ್ಕರ ಮೇಪಲ್ ಅಲ್ಲ, ಯೂರೋಪಿನಿಂದ ಬಂದ ನಾರ್ವೆ ಮೇಪಲ್ ಎಂದು ಆಕ್ಷೇಪಿಸಿದರು. ಯಾವ ಒಂದು ಮರದ್ದೂ ಅಲ್ಲ, ಹಲವನ್ನು ನೋಡಿ ಬರೆದ ಚಿತ್ರವೆಂದು ಬ್ಯಾಂಕು ಸಮಾಧಾನ ಹೇಳಿತು.

"ಹಾಗಾದರೆ ನೋಟು ಸಾಚಾ, ಎಲೆ ಖೋಟಾ" ಎಂದು ತಂದೆಯವರು ನಕ್ಕು ನೋಟನ್ನು ಹಿಂದಕ್ಕೆ ಕೊಟ್ಟರು. ಅದರ ಮೇಲೆ ಅವರ ಹೆಬ್ಬೆರಳಿನ ಬೆಲ್ಲದ ಗುರುತು ಬಿದ್ದಿತ್ತು. ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರಸಿ ಅಧ್ಯಾಪಕರಿಗೆ ತಲಪಿಸಿದೆನು.